ಸುಮೇಧಾಳ ಹಸಿರು ಉಂಗುರ

ಧಾರವಾಡ
9 ನವೆಂಬರ್ 2025, ರವಿವಾರ

ನನ್ನ ಸುಮೇಧಾಗೆ,

'ನನ್ನ' ಎಂದು ಬರೆಯುವ ಹಕ್ಕು ನನಗೆ ಉಳಿದಿಲ್ಲವೆಂದು ಗೊತ್ತು. ಬೇರೆ ಏನು ಬರೆದರೂ ಪೆನ್ನು ಮುಂದೆ ಹೋಗಲಿಲ್ಲ, ಹಾಗೇ ಬಿಟ್ಟಿದ್ದೇನೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಮೂರು ವರ್ಷದ ಮೇಲಾಯಿತು. ಅದಕ್ಕೆ ಈ ಕಾಗದ. ಕೇಶ್ವಾಪುರದ ನಿನ್ನ ಕೋಚಿಂಗ್ ಕ್ಲಾಸಿನ ವಿಳಾಸಕ್ಕೆ ರಿಜಿಸ್ಟರ್ ಮಾಡುತ್ತೇನೆ. ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ನಿನಗೆ ತಿಳಿಯುತ್ತದೆ. ಹರಿಯಬೇಡ. ಕ್ಷಮೆ ಕೇಳಲು ಬರೆಯುತ್ತಿಲ್ಲ. ನಿನಗೆ ಸೇರಬೇಕಾದ ಒಂದು ಸುದ್ದಿ ನನ್ನ ಹತ್ತಿರ ಉಳಿದುಬಿಟ್ಟಿದೆ.

ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಸರಿ ಇದ್ದೆ, ಸುಮಿ. ನಿನ್ನ ಹಸಿರು ಉಂಗುರ ಖರೇ ಇತ್ತು. ತಪ್ಪಿದ್ದು ನನ್ನ ಕೋಶಗಳಲ್ಲಿ.

ಈಗ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಬೇಕಾದರೆ ದಾಟಿಕೊಂಡು ಓದು. ಹೀಗೆ ಸಾಲಾಗಿ ಬರೆಯದಿದ್ದರೆ ನಾನು ಎಲ್ಲಿ ಜಾರಿದೆ ಎಂಬುದು ನನಗೇ ಕಾಣುವುದಿಲ್ಲ.

2017ರಲ್ಲಿ ಒಂದೇ ವಾರ ನಾವಿಬ್ಬರೂ ರಮಾಕಾಂತ ಸರ್ ಹತ್ತಿರ ಪಿಎಚ್‌ಡಿಗೆ ಸೇರಿದೆವು. ನಾನು ಹಳೇ ಹುಬ್ಬಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ನಾವು ಬೆಳೆಸುವ ಕೋಶಗಳಿಗೆ ರವಿವಾರವೂ ಒಂದೇ, ಹಬ್ಬವೂ ಒಂದೇ. ಹೊತ್ತಿಗೆ ಸರಿಯಾಗಿ ಅವುಗಳ ಆಹಾರ ಬದಲಿಸಬೇಕು. ಆ ಓಡಾಟದಲ್ಲಿ ನಾನು ಜ್ವರ ಹಿಡಿದು ಮಲಗಿದಾಗ ನೀನು ಮಾಳಮಡ್ಡಿಯ ನಿಮ್ಮ ಮನೆಗೆ ಕರೆದುಕೊಂಡು ಹೋದೆ. ನಾಲ್ಕು ದಿನಕ್ಕೆಂದು ಬಂದವಳು ನಾಲ್ಕು ವರ್ಷ ಉಳಿದೆ. ನಿನ್ನ ಅವ್ವ, ನನ್ನ ಸುಹಾಸಿನಿ ಕಾಕು, ಹಿಂದಿನ ಕೋಣೆಯ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, "ಕೇಳಿಕೋತ ಕೂಡಬ್ಯಾಡ, ಹಸಿವಾದ್ರ ಅಡಗಿ ಮನಿಗೆ ಬಾ" ಎಂದಿದ್ದರು. ಉಪವಾಸದ ತಿಂಗಳು ಬಂದರೆ ಸಂಜೆ ನಾನು ರೋಜಾ ಬಿಡುವುದಕ್ಕೆ ಐದು ನಿಮಿಷ ಮೊದಲೇ ಹಾಡಿನ ಪಾಠ ಮುಗಿಸಿ ಹುಡುಗಿಯರನ್ನು ಕಳಿಸಿಬಿಡುತ್ತಿದ್ದರು. ಯಾಕೆಂದು ಅವರಿಗೆ ಎಂದೂ ಹೇಳಲಿಲ್ಲ.

ನಿನ್ನ ಸಂಶೋಧನೆ ಏನೆಂದು ಕಾಕು ಒಮ್ಮೆ ಕೇಳಿದ್ದು ನೆನಪಿದೆಯೆ? ಇಳಕಲ್ ಸೀರೆ ಮಡಚುತ್ತಿದ್ದೆವು, ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನೀನು ಬಾಗಿಲಲ್ಲಿ ನಿಂತು ಹೇಳಿದೆ: "ಶರೀರದಾಗ ಪ್ರೋಟೀನು ತಯಾರಾದ ಮ್ಯಾಲೆ ಸರಿಯಾಗಿ ಮಡಚಿಕೋಬೇಕವ್ವಾ, ಇಲ್ಲಾಂದ್ರ ಕೆಲಸಕ್ಕ ಬರೂದುಲ್ಲ. ಹಂಗ ಮಡಚಲಿಕ್ಕೆ ಕೈ ಹಚ್ಚೂ ಪ್ರೋಟೀನು ಬ್ಯಾರೇನ ಅವ. ಅವಕ್ಕ ಚಾಪರೋನ್ ಅಂತಾರ." ಕಾಕು ನನ್ನ ಕಡೆ ನೋಡಿ, "ಅಂದ್ರ ಈಗ ನಮ್ಮ ನಾಹಿದಾ ಚಾಪರೋನ್" ಎಂದರು. ಆ ಮಾತಿಗೆ ನಾವು ನಕ್ಕದ್ದಕ್ಕೆ ಸೀರೆ ನೆಲಕ್ಕೆ ಬಿತ್ತು.

ಆ ಚಾಪರೋನ್ ಕೋಶದೊಳಗೆ ಎಲ್ಲಿದೆ ಎಂದು ಕಣ್ಣಿಗೆ ಕಾಣಿಸುವುದೇ ನಿನ್ನ ಕೆಲಸವಾಗಿತ್ತು. ಅದೊಂದಕ್ಕೆ ಮಾತ್ರ ಹೋಗಿ ಅಂಟಿಕೊಳ್ಳುವ ಆಂಟಿಬಾಡಿ. ಆ ಆಂಟಿಬಾಡಿಗೆ ಜೋಡಿಸಿದ, ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುವ ಬಣ್ಣ. ಬೆರಳಿನ ತುದಿಯಷ್ಟು ಸಣ್ಣ ಸೀಸೆ. ಬೆಳಕು ತಾಗಿ ಬಣ್ಣ ಸಾಯಬಾರದೆಂದು ನೀನು ಅದನ್ನು ಬೆಳ್ಳಿಹಾಳೆಯಲ್ಲಿ ಸುತ್ತಿ ಫ್ರಿಜ್ಜಿನ ಹಿಂಬದಿಗೆ ಇಡುತ್ತಿದ್ದೆ. ಯಾರಾದರೂ ಸರಿಸಿದರೆ ಜಗಳಕ್ಕೇ ಬರುತ್ತಿದ್ದೆ.

2021ರ ಜನವರಿಯಲ್ಲಿ ಒಂದು ಮಧ್ಯಾಹ್ನ ನನ್ನ ಊಟದ ಡಬ್ಬಿ ಮುಚ್ಚಿಸಿ, ಕೈ ಹಿಡಿದು ಮೈಕ್ರೋಸ್ಕೋಪಿನ ಕತ್ತಲೆ ಕೋಣೆಗೆ ಎಳೆದುಕೊಂಡು ಹೋದೆ. ಜ್ವರ ಬಂದಂತೆ ಒಂದು ತಾಸು ಬಿಸಿ ಕೊಟ್ಟು ಆಮೇಲೆ ಎರಡು ದಿನ ತಣ್ಣಗಿಟ್ಟ ಸ್ನಾಯುಕೋಶಗಳವು. ಅಷ್ಟೊತ್ತಿಗೆ ಚಾಪರೋನ್ ಚದುರಿ ಹೋಗಿರಬೇಕೆಂದೇ ನಾವು ಓದಿದ್ದು. ಪರದೆಯ ಮೇಲೆ ಒಂದೊಂದು ಕೋಶದ ನಡುವೆ, ನ್ಯೂಕ್ಲಿಯಸ್ಸಿನ ಸುತ್ತ, ತೆಳುವಾದ ಹಸಿರು ಉಂಗುರ. "ನಾಹೀ, ಬಿಸಿ ಹೋಗಿ ಎರಡು ದಿನಾ ಆತು. ಇನ್ನೂ ಕಾಯಕೋತ ಕೂತದ ನೋಡು" ಎಂದೆ. ಅವತ್ತು ಮನೆಯಲ್ಲಿ ಕಾಕು ಶಿರಾ ಮಾಡಿದರು.

ನನಗೆ ಸಂತೋಷವಾಗಿತ್ತು. ಅದು ಸುಳ್ಳಲ್ಲ. ಆದರೆ ಆ ದಿನದಿಂದಲೇ ಇನ್ನೊಂದು ಕೂಡ ನನ್ನೊಳಗೆ ಶುರುವಾಯಿತು. ಅದನ್ನು ನಿನಗೆ ಎಂದೂ ತೋರಿಸಲಿಲ್ಲ.

ನನ್ನ ಪಾಲಿಗೆ ಬಂದಿದ್ದು ಬೇರೆ ಕೆಲಸ. ಅದೇ ಸ್ನಾಯುಕೋಶಗಳಿಂದ ಆ ಚಾಪರೋನ್‌ನ ಜೀನನ್ನೇ ಕತ್ತರಿಸಿ ತೆಗೆಯುವುದು. ಅಂಥ ಕೋಶ ಸಿಕ್ಕರೆ ನಿನ್ನ ಆಂಟಿಬಾಡಿಗೆ ನಿಜವಾದ ಪರೀಕ್ಷೆ: ಚಾಪರೋನ್ ಇಲ್ಲದ ಕಡೆ ಹಸಿರು ಕಾಣಬಾರದು, ಕಂಡರೆ ಆಂಟಿಬಾಡಿ ಬೇರೆ ಯಾವುದಕ್ಕೋ ಅಂಟುತ್ತಿದೆ ಎಂದರ್ಥ. ಮೂರು ವರ್ಷ ಗುದ್ದಾಡಿದೆ. ಮೊದಲ ಸಲ ಜೀನು ತುಂಡಾಗಲೇ ಇಲ್ಲ, ಆಮೇಲೆ ಪ್ರತಿ ಸಲ ಕೋಶಗಳು ಸಾಯುತ್ತಿದ್ದವು. ನೀನು ನಿನ್ನ ಲೇಖನ ಬರೆದು ಮುಗಿಸಿದೆ, ಒಂದು ಪತ್ರಿಕೆ ಅದನ್ನು ಒಪ್ಪಿಕೊಂಡಿತು. ಸರ್ ಹೊಸ ಯೋಜನೆಯಲ್ಲಿ ಒಂದು ಹುದ್ದೆ ಇದೆ, ಒಬ್ಬರಿಗೆ ಮಾತ್ರ ಎಂದರು. ಯಾರಿಗೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಹಳೇ ಹುಬ್ಬಳ್ಳಿಗೆ ಹೋದಾಗಲೆಲ್ಲ ಅಬ್ಬಾನ ಹೊಲಿಗೆ ಯಂತ್ರ ರಿಪೇರಿ ಅಂಗಡಿಗೆ ಬಂದವರು, "ನಿನ್ನ ಓದು ಯಾವಾಗ ಮುಗೀತದವ್ವಾ?" ಎನ್ನುತ್ತಿದ್ದರು. ನಾನು ನಿಮ್ಮ ಮನೆಯಲ್ಲಿ ಉಣ್ಣುತ್ತಿದ್ದೆ, ನಿನ್ನ ಹಳೆಯ ಸ್ವೆಟರು ಹಾಕುತ್ತಿದ್ದೆ, ನಿನ್ನ ಮೇಲೆ ಹೊಟ್ಟೆಕಿಚ್ಚೂ ಪಡುತ್ತಿದ್ದೆ.

ಕೊನೆಗೆ ನನ್ನ ಏಳನೆಯ ಪ್ರಯತ್ನದ ಕೋಶಗಳಲ್ಲಿ ಜೀನು ಪೂರ್ತಿ ಹೋಗಿತ್ತು. ಪರೀಕ್ಷೆಯಲ್ಲಿ ಅದು ಖಚಿತವಾಯಿತು. ಅವನ್ನು ಸಣ್ಣ ಸಣ್ಣ ಸೀಸೆಗಳಲ್ಲಿ ತುಂಬಿ ದ್ರವ ಸಾರಜನಕದ ಡಬ್ಬಿಯಲ್ಲಿ ಇಳಿಸಿದೆ. 2022ರ ಮಾರ್ಚಿನಲ್ಲಿ ನಿನ್ನ ಪ್ರಬಂಧ ಒಪ್ಪಿಸುವ ಮೊದಲಿನ ಸೆಮಿನಾರಿಗೆ ಹತ್ತು ದಿನ ಇದ್ದಾಗ, ನೀನೇ ಹೇಳಿದೆ: "ನಿನ್ನ ಕೋಶ ತಗೀ, ನನ್ನ ಆಂಟಿಬಾಡಿ ಹಾಕಿ ನೋಡಿಬಿಡೋಣು. ಕಪ್ಪು ಬಂತಂದ್ರ ಅದಽ ನನ್ನ ಕಡೀ ಸ್ಲೈಡು." ನಾನು ಒಂದು ಸೀಸೆ ತೆಗೆದು ಬೆಳೆಸಿದೆ. ಬಣ್ಣ ಹಾಕಿದೆ. ಪರದೆಯ ತುಂಬ ಹಸಿರು. ಮಾಮೂಲಿ ಕೋಶಗಳಲ್ಲಿ ಎಷ್ಟಿತ್ತೋ ಅಷ್ಟೇ.

ನಿನ್ನನ್ನು ಕರೆಯಬೇಕಾಗಿತ್ತು. ನೀನು ಎದುರಿನ ಕೋಣೆಯಲ್ಲೇ ಇದ್ದೆ, ನಿನ್ನ ಗುನುಗು ಕೇಳುತ್ತಿತ್ತು. ನಾನು ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನೆಟ್ಟಗೆ ಸರ್ ಕೋಣೆಗೆ ಹೋದೆ. ನಿನಗೆ ಮಾತ್ರ 'ಕೋಶ ಇನ್ನೂ ಬೆಳೆದಿಲ್ಲ' ಎಂದೆ.

ವಿಜ್ಞಾನದ ಸಲುವಾಗಿ ಹೇಳಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ವಿಜ್ಞಾನದ ಸಲುವಾಗಿಯೇ ಆಗಿದ್ದರೆ ಮೊದಲು ನಿನಗೆ ಹೇಳುತ್ತಿದ್ದೆ.

ಸೆಮಿನಾರಿನಲ್ಲಿ ಆದದ್ದು ನಿನಗೆ ಬೇಡ ಬೇಡವೆಂದರೂ ನೆನಪಿರುತ್ತದೆ. ನೀನು ಉಂಗುರದ ಚಿತ್ರ ತೋರಿಸಿ ನಿಂತಾಗ ಸರ್ ನನ್ನ ಚಿತ್ರ ಹಾಕಿಸಿ, "ಸುಮೇಧಾ ಅವರಽ, ಜೀನಽ ಇಲ್ಲದ ಕೋಶದಾಗೂ ಹಸಿರು ಬಂದದಲ್ಲ, ಇದಕ್ಕೇನಂತೀರಿ?" ಎಂದರು. ಮುಂದಿನ ಸಾಲಿನಲ್ಲಿ ಕಾಕು ಕೂತಿದ್ದರು, ಮಗಳ ಸೆಮಿನಾರು ನೋಡಲೆಂದೇ ಹಸಿರಂಚಿನ ಸೀರೆ ಉಟ್ಟು ಬಂದಿದ್ದರು. ನೀನು ಸರ್ ಕಡೆ ನೋಡಲಿಲ್ಲ, ಪರದೆಯ ಕಡೆಗೂ ನೋಡಲಿಲ್ಲ. ನನ್ನ ಕಡೆ ನೋಡಿದೆ. ನಾನು ತಲೆ ತಗ್ಗಿಸಿದೆ.

ನೀನು ಎರಡು ವಾರ ಸಮಯ ಕೇಳಿ ನಿನ್ನ ಕೈಯಾರೆ ಮತ್ತೆ ಮಾಡಿ ನೋಡಿದೆ. ಸೀಸೆ ತೆಗೆದುಕೊಟ್ಟವಳು ನಾನೇ. ಮತ್ತೆ ಹಸಿರು. ಅವತ್ತು ನೀನು ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ನಾನಽ ಮೋಸ ಹೋದೆ ನಾಹಿ. ಇದ್ದದ್ದನ್ನ ನೋಡಲಿಲ್ಲ, ಬೇಕಾದ್ದನ್ನ ನೋಡಿದೆ" ಎಂದೆ. ಲೇಖನ ಹಿಂದಕ್ಕೆ ಪಡೆದೆ. ಜೂನಿನಲ್ಲಿ ಪಿಎಚ್‌ಡಿ ಬಿಡುತ್ತೇನೆಂದು ಬರೆದುಕೊಟ್ಟು ಹೋದೆ. ನಾನು ಅದಕ್ಕೂ ಮೊದಲೇ ಹಿಂದಿನ ಕೋಣೆಯ ಕೀಲಿಕೈಯನ್ನು ಕಟ್ಟೆಯ ಮೇಲಿಟ್ಟು, ಕಾಕುಗೆ ಹೇಳದೇ ನಿಮ್ಮ ಮನೆ ಬಿಟ್ಟಿದ್ದೆ.

ಆ ಹುದ್ದೆ ನನಗೆ ಬಂತು. ಆ ಆಂಟಿಬಾಡಿಯನ್ನು ನಂಬಬಾರದು ಎಂದು ನಾನೊಂದು ಲೇಖನ ಬರೆದೆ. ಅದಕ್ಕೆ ಒಳ್ಳೆಯ ಹೆಸರೂ ಬಂತು. ಬೇರೆ ಊರಿನ ಲ್ಯಾಬಿನವರು ಅದನ್ನು ಓದಿ ತಮ್ಮ ಸೀಸೆ ಎಸೆದರಂತೆ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ. 2023ರ ಜುಲೈಯಲ್ಲಿ ಕಾಕು ಹೃದಯದ ತೊಂದರೆಯಿಂದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ನಾನು ಹೋಗಿದ್ದೆ. ನಿನ್ನ ಕ್ಲಾಸಿನ ಹೊತ್ತು ನೋಡಿಕೊಂಡೇ ಹೋದೆ. ಕಾಕು ಗುರುತು ಹಿಡಿದು ಪಕ್ಕಕ್ಕೆ ಸರಿದು ಕೂಡಲು ಜಾಗ ಮಾಡಿದರು. "ಸೊರಗೀಯಲ್ಲ" ಎಂದು ನನ್ನ ಮಣಿಕಟ್ಟು ಹಿಡಿದು ನೋಡಿದರು. ಆಮೇಲೆ ಕೇಳಿದರು: "ಖರೇ ಹೇಳು ನಾಹಿದಾ. ನಮ್ಮ ಹುಡುಗಿ ಸುಳ್ಳು ಮಾಡಿದ್ಲೇನು?"

ನಾನು, "ಸುಳ್ಳಲ್ಲರಿ ಕಾಕು. ಆಕೀ ಕಡಿಂದ ತಪ್ಪಾಗೇತಿ, ಅಷ್ಟ" ಎಂದೆ. ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡೆ.

ಅವರು ನನ್ನ ಮಣಿಕಟ್ಟು ಬಿಟ್ಟು ಹೊದಿಕೆ ಸರಿಮಾಡಿಕೊಂಡರು. ಆಮೇಲೆ, "ಸಣ್ಣಾಕಿದ್ದಾಗಿಂದ ಭಾಳ ಅವಸರ ಆಕೀದು. ಸ್ವರ ತಪ್ಪಿದ್ರ ತಿದ್ದತಿದ್ದೆ. ಇದನ್ನ ತಿದ್ದಲಿಕ್ಕೆ ನನಗ ಬರಲಿಲ್ಲ ನೋಡು. ನಾ ಕೇಳಿದ್ದು ಆಕೀಗೆ ಹೇಳಬ್ಯಾಡ" ಎಂದರು. ಹನ್ನೊಂದು ದಿನಕ್ಕೆ ಹೋಗಿಬಿಟ್ಟರು. ನಿನ್ನ ಅವ್ವ ಮಗಳು ತಪ್ಪು ಮಾಡಿದಳೆಂದೇ ನಂಬಿಕೊಂಡು ಹೋದರು ಸುಮಿ, ನಾನು ಹೇಳಿದ್ದಕ್ಕೆ. ಆ ತಪ್ಪಿನಲ್ಲಿ ತನ್ನದೂ ಪಾಲಿದೆ ಎಂದುಕೊಂಡು ಹೋದರು. ಇದನ್ನು ನಾನು ಇನ್ನು ಯಾರ ಹತ್ತಿರ ಹೋಗಿ ತಿದ್ದಲಿ?

ಅವರು ಹೋದ ಸುದ್ದಿ ನನಗೆ ಪೇಪರಿನಲ್ಲಿ ಸಿಕ್ಕಿತು. ಮಾಳಮಡ್ಡಿಗೆ ಬಂದು ನಿಮ್ಮ ಓಣಿಯ ತುದಿಯಲ್ಲಿ ನಿಂತಿದ್ದೆ. ಒಳಗೆ ಬರುವ ಧೈರ್ಯವಾಗಲಿಲ್ಲ. ಮರು ವರ್ಷ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನಿನ್ನನ್ನು ಕಂಡೆ. ಉತ್ತರಪತ್ರಿಕೆಗಳ ಕಟ್ಟು ತೊಡೆಯ ಮೇಲಿತ್ತು, ತಿದ್ದುತ್ತ ಕೂತಿದ್ದೆ. ನನ್ನನ್ನು ನೋಡಿದ ಕೂಡಲೇ ಎದ್ದು ರಾಯಾಪುರದಲ್ಲಿ ಇಳಿದುಬಿಟ್ಟೆ. ಅಲ್ಲಿ ನಿನಗೆ ಏನೂ ಕೆಲಸವಿರಲಿಲ್ಲವೆಂದು ಗೊತ್ತು. ಬಸ್ಸು ಮುಂದೆ ಹೋದರೂ ನೀನು ನಿಲ್ದಾಣದಲ್ಲಿ ಬೆನ್ನು ತಿರುಗಿಸಿಯೇ ನಿಂತಿದ್ದೆ.

ಈ ಆಗಸ್ಟಿನಲ್ಲಿ ಪುಣೆಯ ಒಂದು ಲ್ಯಾಬಿನವರು ನನ್ನ ಜೀನಿಲ್ಲದ ಕೋಶಗಳನ್ನು ಕೇಳಿದರು. ಎರಡು ಸೀಸೆ ಕಳಿಸಿದೆ. ಅವರು ಬಂದ ಯಾವುದನ್ನೂ ಪರೀಕ್ಷೆ ಮಾಡದೇ ಬಳಸುವುದಿಲ್ಲವಂತೆ. ಮೂರು ವಾರದ ನಂತರ ಮೇಲ್ ಬಂತು, ಎರಡೇ ಸಾಲು: ನೀವು ಕಳಿಸಿದ ಕೋಶಗಳಲ್ಲಿ ಜೀನು ಪೂರ್ತಿಯಾಗಿದೆ, ಇವು ಮಾಮೂಲಿ ಕೋಶಗಳು, ದಯವಿಟ್ಟು ನೋಡಿ.

ನೋಡಿದೆ. ಡಬ್ಬಿಯಲ್ಲಿ ಇದ್ದ ನನ್ನ ಸೀಸೆಗಳನ್ನೆಲ್ಲ ತೆಗೆದು ಒಂದೊಂದರ ಜೀನನ್ನೂ ಓದಿಸಿದೆ. ನನ್ನ ಮೊದಲ ಪ್ರಯತ್ನ ಸೋತಿತ್ತು. ಅದರಲ್ಲಿ ಜೀನು ಕತ್ತರಿಸಿಯೇ ಇರಲಿಲ್ಲ. ಅದನ್ನು ಎಸೆಯದೇ '1' ಎಂದು ಬರೆದು ಇಟ್ಟಿದ್ದೆ. ಗೆದ್ದ ಏಳನೆಯದಕ್ಕೆ '7' ಎಂದು ಬರೆದಿದ್ದೆ. ನನ್ನ ಒಂದಕ್ಕೆ ನಾನು ಮೇಲೊಂದು ಕೊಕ್ಕೆ ಹಾಕುತ್ತೇನೆ, ನಿನಗೆ ಗೊತ್ತು. ಮಂಜು ಹಿಡಿದು ಶಾಯಿ ಹರಡಿದ ಮೇಲೆ ಒಂದಕ್ಕೂ ಏಳಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ಪೆಟ್ಟಿಗೆ ಬದಲಿಸುವಾಗ ಎರಡೂ ಸಾಲು ಅದಲುಬದಲಾಗಿದ್ದವು. ಬದಲಿಸಿದವಳು ನಾನೇ. ಮೂರೂವರೆ ವರ್ಷ ನಾನು ಜೀನಿಲ್ಲದ ಕೋಶವೆಂದು ತೋರಿಸಿದ್ದೆಲ್ಲ ಮಾಮೂಲಿ ಕೋಶ. ಅದರಲ್ಲಿ ಹಸಿರು ಬರದೇ ಇನ್ನೇನು ಬಂದೀತು?

ನಿಜವಾದ ಏಳನೆಯದನ್ನು ಬೆಳೆಸಿದೆ. ನೀನು ಬಳಸುತ್ತಿದ್ದ ಅದೇ ಆಂಟಿಬಾಡಿಯನ್ನು ತರಿಸಿದೆ. ಕತ್ತಲೆ ಕೋಣೆಯಲ್ಲಿ ಒಬ್ಬಳೇ ಕೂತು ಪರದೆ ಹಚ್ಚಿದೆ. ಕಪ್ಪು. ಬೆಳಕು ಹೆಚ್ಚಿಸಿದರೂ ಕಪ್ಪು. ಪಕ್ಕದ ತಟ್ಟೆಯಲ್ಲಿ ಮಾಮೂಲಿ ಕೋಶಗಳಿಗೆ ನೀನು ಮಾಡಿದಂತೆಯೇ ಒಂದು ತಾಸು ಬಿಸಿ ಕೊಟ್ಟು ಎರಡು ದಿನ ಬಿಟ್ಟು ನೋಡಿದೆ. ಇತ್ತು, ಸುಮಿ. ನ್ಯೂಕ್ಲಿಯಸ್ಸಿನ ಸುತ್ತ, ತೆಳ್ಳಗೆ. ನೀನು 2021ರಲ್ಲಿ ತೋರಿಸಿದ ಜಾಗದಲ್ಲೇ. ನಾನು ಅಲ್ಲಿಯೇ ನೆಲದ ಮೇಲೆ ಕೂತು ಬಾಯಿಗೆ ಓಢಣಿ ಒತ್ತಿಕೊಂಡು ಅತ್ತೆ.

ಸರ್‌ಗೆ ಹೇಳಿದೆ. ಮೊದಲು, "ಮೂರೂವರೆ ವರ್ಷ ಆತು. ಈಗ ಎತ್ತಿದ್ರ ಯಾರಿಗೆ ಛಲೋ ಆಗ್ತದ?" ಎಂದರು. ನಾನು ಎರಡೂ ಚಿತ್ರಗಳನ್ನು ಅವರ ಮುಂದೆ ಇಟ್ಟೆ. ಸರ್ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೇ ದಿನ ಕರೆದು, "ಆ ಹುಡುಗಿಗೆ ನಾ ಎಲ್ಲರ ಮುಂದ ಕೇಳಿದ್ದೆ, ಅಲ್ಲ?" ಎಂದಷ್ಟೇ ಹೇಳಿ ಪತ್ರಗಳಿಗೆ ಸಹಿ ಮಾಡಿದರು. ನನ್ನ ಲೇಖನವನ್ನು ಹಿಂದಕ್ಕೆ ಪಡೆಯಲು ಪತ್ರಿಕೆಗೆ ಬರೆದಿದ್ದೇವೆ. ನಿನ್ನ ಕೆಲಸ ಸರಿ ಇತ್ತೆಂದು ವಿಭಾಗಕ್ಕೂ ಬರೆದಿದ್ದೇವೆ. ಮರುನೋಂದಣಿ ಮಾಡಿಸಿ ಪ್ರಬಂಧ ಒಪ್ಪಿಸಲು ಅವಕಾಶವಿದೆಯಂತೆ. ನಿನ್ನ ನೋಟ್‌ಬುಕ್ಕುಗಳನ್ನು ಯಾರೂ ಎಸೆದಿಲ್ಲ. ಹನ್ನೊಂದೂ ನಿನ್ನ ಕಪಾಟಿನಲ್ಲೇ ಇವೆ. ನೀನು ಬರುವ ದಿನ ನಾನು ಅಲ್ಲಿ ಇರುವುದಿಲ್ಲ. ತಿಂಗಳ ಕೊನೆಗೆ ಹುದ್ದೆ ಬಿಡುತ್ತಿದ್ದೇನೆ.

ಅಬ್ಬಾಗೂ ಹೇಳಿದೆ. ಬಿಚ್ಚಿಟ್ಟ ಯಂತ್ರದ ಮುಂದೆ ಕೂತು ಎಲ್ಲ ಕೇಳಿದ. "ಬೇಟಾ, ನಾ ತಪ್ಪ ಜೋಡ್ಸಿ ಕೊಟ್ಟಿದ್ದು ಗೊತ್ತಾದ್ರ ಅವರ ಮನಿಗೇ ಹೋಗಿ ಬಿಚ್ಚಿ ಸರಿ ಮಾಡಿ ಬರ್ತೇನಿ. ನೀ ಹೋಗ್ತೀಯೇನು?" ಎಂದ. ಹೋಗಲು ಆಗಲಿಲ್ಲ. ಎರಡು ಸಲ ಕೇಶ್ವಾಪುರದವರೆಗೆ ಬಂದು ನಿನ್ನ ಕ್ಲಾಸಿನ ಮೆಟ್ಟಿಲ ಕೆಳಗಿನಿಂದ ತಿರುಗಿ ಬಂದೆ. ಮೇಲಿನಿಂದ ನಿನ್ನ ಧ್ವನಿ ಕೇಳುತ್ತಿತ್ತು. ನೀನು ಮಕ್ಕಳಿಗೆ ಕೋಶದ ರಚನೆ ಹೇಳುತ್ತಿದ್ದೆ, ಒಂದೂ ತಡವರಿಸದೇ.

ಇದರ ಜೊತೆ ಎರಡೂ ಚಿತ್ರಗಳನ್ನು ಇಟ್ಟಿದ್ದೇನೆ. ಕಪ್ಪಗಿರುವುದು ನನ್ನದು. ಉಂಗುರ ನಿನ್ನದು, ಅದರ ಕೆಳಗೆ ನಿನ್ನ ಹೆಸರನ್ನೇ ಬರೆದಿದ್ದೇನೆ. ಉತ್ತರ ಬರೆಯಬೇಡ, ಕಾಯುವುದಿಲ್ಲ. ಪ್ರಬಂಧ ಮಾತ್ರ ಒಪ್ಪಿಸು.

ನಿಮ್ಮ ಮನೆಯ ಅನ್ನ ಉಂಡವಳು,
ನಾಹಿದಾ

ತಾ.ಕ. – ಸೋಮವಾರ, ಅಂಚೆ ಕಚೇರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕವರು ಅಂಟಿಸಲು ಹೋದೆ, ಆಗಲಿಲ್ಲ. ಇಷ್ಟುದ್ದ ಬರೆದೂ ಒಂದನ್ನು ಬಿಟ್ಟಿದ್ದೆ. ಜೀನಿಲ್ಲದ ಕೋಶಗಳು ನಿಧಾನ. ತಟ್ಟೆ ತುಂಬಲು ಐದಾರು ದಿನ ಬೇಕು. ಸೆಮಿನಾರಿಗೆ ಮೊದಲು ನಾನು ತೆಗೆದ ಸೀಸೆಯ ಕೋಶಗಳು ಎರಡೇ ದಿನಕ್ಕೆ ತುಂಬಿದ್ದವು. ನಾನು ಅದನ್ನು ನೋಡಿದ್ದೆ. 'ಬಹಳ ಬೇಗ ತುಂಬಿವೆ, ಜೀನು ಇನ್ನೊಮ್ಮೆ ನೋಡಬೇಕು' ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದೆ, ತಾರೀಖು ಹಾಕಿ. ಬರೆದು, ಪುಟ ತಿರುಗಿಸಿ, ಸರ್ ಕೋಣೆಗೆ ಹೋದೆ. ಆ ಪುಟದ ಪ್ರತಿಯೂ ಈಗ ಇದರೊಳಗಿದೆ. ಇನ್ನೊಂದು ಪ್ರತಿಯನ್ನು ಇವತ್ತು ಬೆಳಿಗ್ಗೆ ಸರ್ ಮೇಜಿನ ಮೇಲೆ ಇಟ್ಟು ಬಂದೆ.